ಮೂರನೇ ತುತ್ತಿನ ಹ್ಞೂಂ

“ಅಮ್ಮಾ, ಉಣ್ಣೋವಾಗ ತಾತಂಗೆ ಮಾತು ಬರಲ್ವಾ?”

ನಾಲ್ಕು ವರ್ಷದ ಮಗಳ ಈ ಪ್ರಶ್ನೆಗೆ ಲಕ್ಷ್ಮೀದೇವಮ್ಮ ನಕ್ಕುಬಿಟ್ಟಳು. ಅವಳ ಮಾವ ಅಪ್ಪಯ್ಯಣ್ಣನವರು ದೊಡ್ಡಬೆಳವಂಗಲದ ಕಡೆಯ ಆ ಊರಿಗೆ ಪಂಚಾಯ್ತಿ ಛೇರ್ಮನ್ನರು. ಜಗಲಿಯ ಮೇಲೆ ಗಂಟೆಗಟ್ಟಲೆ ಭಾಷಣ ಬಿಗಿಯುವವರು ತಟ್ಟೆಯ ಮುಂದೆ ಕೂತರೆ ಸಾಕ್ಷಾತ್ ಮೌನಸ್ವಾಮಿ! ಮುದ್ದೆ ಮುರಿಯುವುದು, ಸಾರಿನಲ್ಲಿ ಅದ್ದುವುದು, ನುಂಗುವುದು. ಮೂರನೇ ತುತ್ತು ಗಂಟಲಲ್ಲಿ ಇಳಿಯುವಾಗ ಮಾತ್ರ ಒಂದು “ಹ್ಞೂಂ”. ಅದರರ್ಥ, “ಸಾರು ಬಿಡು.” ಆರು ವರ್ಷದಿಂದ ಬಡಿಸುತ್ತಿದ್ದ ಸೊಸೆಗೆ ಇದು ಚೆನ್ನಾಗಿಯೇ ಗೊತ್ತಿತ್ತು.

ಆ ವಾರವೇ ರೇಡಿಯೋದಲ್ಲಿ ಯಾರೋ ಪುಣ್ಯಾತ್ಗಿತ್ತಿ, ಮನೆಮಂದಿ ಊಟದ ಹೊತ್ತಿಗೆ ಊರಿನ ವಿಚಾರ ಮಾತಾಡಿದರೆ ಊರು ಉದ್ಧಾರವಾಗುತ್ತದೆ ಎಂದು ಹೇಳಿದ್ದಳು. ಲಕ್ಷ್ಮೀದೇವಮ್ಮ ದಿನಚರಿಯಲ್ಲಿ ದಪ್ಪಕ್ಷರದಲ್ಲಿ ಬರೆದಳು: “ಇಂದಿನಿಂದ ನಮ್ಮ ಅಡುಗೆಮನೆಯೇ ವಿಧಾನಸೌಧ!”

ಉದ್ಧಾರದ ವಿಚಾರವೂ ಸಿದ್ಧವಾಗಿತ್ತು. ಎಪ್ಪತ್ತೆರಡನೇ ಇಸವಿ, ಊರಿಗೆ ಒಂದೇ ಒಂದು ಕೈಪಂಪಿನ ಬೋರಿಂಗು ಮಂಜೂರಾಗಿತ್ತು. ಒಂದು ಕಂಕುಳಲ್ಲಿ ಎರಡನೇ ಕೂಸು, ಇನ್ನೊಂದರಲ್ಲಿ ಬಿಂದಿಗೆ ಹೊತ್ತು ತೋಪಿನಾಚೆಯ ಬಾವಿಗೆ ದಿನಕ್ಕೆ ಆರು ಸಲ ತಿರುಗುವವಳಿಗೆ ಅದು ತಾನಿರುವ ಮೇಲಿನ ಬೀದಿಗೇ ಬರಬೇಕಿತ್ತು.

ಮಧ್ಯಾಹ್ನ ಮಾವ ಕೂತರು. ಅವಳು ಮೂರನೇ ತುತ್ತಿಗೆ ಕಾದಳು.

“ಮಾವಾ, ಬೋರಿಂಗು ನಮ್ಮ ಬೀದೀಲೇ ಹಾಕ್ಸಿದ್ರೆ ಆಗಲ್ವಾ?”

“ಹ್ಞೂಂ.”

ಸಾರು ಬಿಟ್ಟಳು. ಸಂಜೆ ಬಾವಿಕಟ್ಟೆಯ ಮೇಲೆ ಬಿಂದಿಗೆ ಕುಕ್ಕಿ ಸಾರಿಯೇಬಿಟ್ಟಳು: “ನಮ್ಮ ಮಾವ ಒಪ್ಕೊಂಡ್ಬಿಟ್ರು ಕಣ್ರೇ! ಊಟಕ್ಕೆ ಕೂತಾಗ ಕೇಳ್ದೆ, ಹ್ಞೂಂ ಅಂದ್ರು!”

ಅಲ್ಲಿದ್ದವರಲ್ಲಿ ಒಬ್ಬಳು ಕೆಳಗಿನ ಬೀದಿಯ ಮಾರಕ್ಕ. ಬಿಂದಿಗೆ ತುಂಬಿಕೊಂಡು ನೆಟ್ಟಗೆ ಮನೆಗೆ ನಡೆದಳು. ಮಾರನೆಯ ದಿನ ಸರಿಯಾಗಿ ಊಟದ ಹೊತ್ತಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಅವಳಿಗೂ ಒಂದು “ಹ್ಞೂಂ” ಸಿಕ್ಕಿತು. ಅದರ ಮಾರನೆಯ ದಿನ ಬೆಂಕಿಪೊಟ್ಟಣ ಬೇಕೆಂದು ಹೊಸಿಲಲ್ಲಿ ನಿಂತವನು ಗುಡಿ ಬೀದಿಯ ಪಿಳ್ಳಣ್ಣ. ಬೆಂಕಿಪೊಟ್ಟಣ ಮರೆತು “ಹ್ಞೂಂ” ಒಂದನ್ನೇ ಹೊತ್ತುಕೊಂಡು ಹೋದ! ವಾರ ಕಳೆಯುವಷ್ಟರಲ್ಲಿ ಒಂದು ಬೋರಿಂಗು ಐದು ಬೀದಿಗೆ ಮಂಜೂರಾಗಿತ್ತು. ಪ್ರತಿ ಸಲವೂ ತಟ್ಟೆಗೆ ಸಾರು ಬಿಟ್ಟವಳು ಲಕ್ಷ್ಮೀದೇವಮ್ಮನೇ. “ಅದು ಒಪ್ಪಿಗೆಯಲ್ಲ, ಸಾರು” ಎನ್ನೋಣವೆಂದರೆ ಅವಳಿಗೆ ಸಿಕ್ಕ ಹ್ಞೂಂ ಕೂಡ ಸಾರಾಗಿಬಿಡುತ್ತಿತ್ತಲ್ಲ!

ಸೋಮವಾರ ಪಂಚಾಯ್ತಿ ಸಭೆ. ಐದು ಬೀದಿಯವರೂ ಪೂಜೆಗೆಂದು ತೆಂಗಿನಕಾಯಿ ಹಿಡಿದೇ ಬಂದಿದ್ದರು. ಅಪ್ಪಯ್ಯಣ್ಣನವರು ಕಂಗಾಲಾದರು.

“ನಾನ್ ಯಾವಾಗ ಒಪ್ಕೊಂಡ್ನಲಾ, ಪಿಳ್ಳಣ್ಣ?”

“ಬುಧವಾರ, ಮೂರನೇ ತುತ್ತಿಗೆ, ಛೇರ್ಮನ್ರೇ! ಸೊಪ್ಪಿನ ಸಾರು!”

“ಅಯ್ಯೋ ನಿನ್ನ! ನಾನು ಕೇಳಿದ್ದು ಸಾರು ಕಣಲಾ!”

ಬಾಗಿಲಲ್ಲಿ ನಿಂತಿದ್ದ ಮಾರಕ್ಕ ಸೆರಗು ಸಿಕ್ಕಿಸಿದಳು. “ಇದೊಳ್ಳೆ ನ್ಯಾಯ ಕಣಣ್ಣೋ! ಸೊಸೆಗೆ ಅಂದಿದ್ದು ಹ್ಞೂಂ, ನಮಗೆ ಅಂದಿದ್ದು ಸಾರಾ?”

ಕಿಟಕಿಯಾಚೆ ಹೆಂಗಸರ ನಡುವೆ ನಿಂತಿದ್ದ ಲಕ್ಷ್ಮೀದೇವಮ್ಮ ಕೂಸಿನ ಮೂಗು ಒರೆಸುವುದರಲ್ಲಿ ಮುಳುಗಿಹೋದಳು. ಒರೆಸಲು ಅಲ್ಲೇನೂ ಇರಲಿಲ್ಲ. ಮಾವ ಕಿಟಕಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಎಲ್ಲ ಹ್ಞೂಂಗಳನ್ನೂ ಒಟ್ಟಿಗೆ ರದ್ದು ಮಾಡಿ ಕೈ ಎತ್ತಿಸಿದರು. ಕೆಳಗಿನ ಬೀದಿಯಲ್ಲಿ ಮನೆಗಳು ಹೆಚ್ಚು, ಹಾಗಾಗಿ ಕೈಗಳೂ ಹೆಚ್ಚು. ಬೋರಿಂಗು ಮಾರಕ್ಕನ ಮನೆ ಮುಂದೆಯೇ ಇಳಿಯಿತು. ಲಕ್ಷ್ಮೀದೇವಮ್ಮನ ಮನೆಯಿಂದ ಅದು ಹಳೆಯ ಬಾವಿಗಿಂತ ನಲವತ್ತು ಹೆಜ್ಜೆ ದೂರ! ಅಳೆದು ನೋಡಿದವಳು ಅವಳೇ.

ನೀರು ಬಂದ ದಿನ ಮಾವ ಊಟಕ್ಕೆ ಕೂತರು. ಬೈಗುಳ ಬರುತ್ತದೆಂದು ಅವಳು ಸೌಟು ಹಿಡಿದು ನಿಂತಳು. ಅವರು ಮುದ್ದೆ ಮುಟ್ಟಲಿಲ್ಲ. ಮೊದಲ ಬಾರಿಗೆ ತಟ್ಟೆಯ ಮುಂದೆ ಬಾಯಿ ತೆರೆದರು.

“ತಾಯೀ, ಒಂದು ಉಪಕಾರ ಮಾಡಮ್ಮ. ಬರೋ ತಿಂಗಳು ಊರಿಗೆ ಒಂದು ಬೀದಿದೀಪ ಬರ್ತೈತೆ. ಅದು ನೆಟ್ಟು ಮುಗಿಯೋಗಂಟ ನಂಗೆ ಮುದ್ದೆ ಬ್ಯಾಡ, ಅನ್ನ ಇಕ್ಕು. ಅನ್ನವಾದ್ರೆ ಬಾಯಲ್ಲಿ ಇಟ್ಕೊಂಡೇ ‘ಆಗಲ್ಲ’ ಅನ್ಬೋದು. ಬಸಿಯೋಕೆ ಒಂದು ಬಿಂದಿಗೆ ನೀರು ಜಾಸ್ತಿ ಬೇಕಾಗ್ತದೆ, ನಂಗೊತ್ತು. ಮಾರಕ್ಕನ ಬೀದಿಗೋಗಿ ತಂದ್ಬಿಡು.”