ಮೆರಿಟ್ ಸೀಟು

ಕಷ್ಟ ಹೇಳಿಕೊಳ್ಳೋಕೆ ಬರೋ ಜಾಗದಲ್ಲಿ ನಗು ಯಾಕೆ ಹುಟ್ಟುತ್ತೋ ನಾ ಕಾಣೆ, ಆದರೆ ನಮ್ಮ ಕೇಂದ್ರದಲ್ಲಿ ಅದು ಹುಟ್ಟದ ವಾರವೇ ಇರಲಿಲ್ಲ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಹಿಂದೆ, ಟೈಲರ್ ಅಂಗಡಿಯ ಮಹಡಿ ಮೇಲೆ ಎರಡು ರೂಮು, ಹೊರಗೆ ಒಂದು ಉದ್ದನೆ ಬೆಂಚು, ಬೆಂಚಿನ ಒಂದೇ ತುದಿಗೆ ಗಾಳಿ ಬೀಸೋ ಫ್ಯಾನು. ಯುವಜನರ ಮಾನಸಿಕ ಆರೋಗ್ಯ ಕೇಂದ್ರ ಅಂದರೆ ಅಷ್ಟೇ. ಅಲ್ಲಿ ನಾನು ಕೌನ್ಸೆಲರ್. ಈಗ ನನ್ನನ್ನ ಕೋಲಾರಕ್ಕೆ ಹಾಕಿದ್ದಾರೆ. ಎಸಿ ಇದೆ, ಕಾಫಿ ತಂದುಕೊಡೋರಿದ್ದಾರೆ. ಆದರೂ ಮಧ್ಯಾಹ್ನ ಆಯಿತೆಂದರೆ ಆ ಬೆಂಚೇ ನೆನಪಾಗುತ್ತೆ.

ಯಾವ ರೌಂಡು?

ಬೋರ್ಡಿನ ಮೇಲೆ ‘ಉಚಿತ ಕೌನ್ಸೆಲಿಂಗ್’ ಅಂತ ಬರೆಸಿದ್ದು ನಾನೇ. ‘ಆಪ್ತ ಸಮಾಲೋಚನೆ’ ಅಂದರೆ ನಮ್ಮ ಜನಕ್ಕೆ ನಾಲಿಗೆ ತಿರುಗಲ್ಲ ಅಂತ ನನ್ನ ಬುದ್ಧಿವಂತಿಕೆ. ಅದು ಕಾಲೇಜು ಸೀಟು ಹಂಚೋ ಕಾಲ, ಅದಕ್ಕೂ ಕೌನ್ಸೆಲಿಂಗ್ ಅಂತಲೇ ಹೆಸರು ಅನ್ನೋದು ಹೊಳೆಯಲೇ ಇಲ್ಲ.

ಬಂಗಾರಪೇಟೆ ಕಡೆ ಹಳ್ಳಿಯಿಂದ, ಡೇರಿಗೆ ಹಾಲು ಹಾಕೋ ರೈತರೊಬ್ಬರು ಮಗಳನ್ನ ಮುಂದೆ ಬಿಟ್ಟುಕೊಂಡು, ಮಾರ್ಕ್ಸ್ ಕಾರ್ಡು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದರು.

“ಮೇಡಮ್ಮೋರೇ, ಈಗ ಯಾವ ರೌಂಡು ನಡೀತೈತೆ?”

“ಇಲ್ಲಿ ರೌಂಡೆಲ್ಲ ಇಲ್ಲ. ಎಷ್ಟು ಸಲ ಬೇಕಾದ್ರೂ ಬರಬಹುದು.”

“ಕೇಳ್ದಾ ಮಗಾ? ಬ್ಯಾರೆ ಕಡೆ ಎಲ್ಡು ಮೂರು ರೌಂಡ್ಗೇ ಬಾಗ್ಲು ಆಕ್ಬುಡ್ತಾರೆ.”

ಮಗಳು ಕೇಳಿಸಿಕೊಂಡಳು, ಅಷ್ಟೇ. ನರ್ಸಿಂಗ್ ಸೀಟು ಕೈ ತಪ್ಪಿದಾಗಿನಿಂದ ಹುಡುಗಿ ಯಾರ ಹತ್ತಿರವೂ ತುಟಿ ಬಿಚ್ಚಿರಲಿಲ್ಲ. “ಸೀಟು ಕೊಡ್ಸಿಬುಡಿ, ಮಾತಾಡ್ತಾಳೆ. ಅವಳ ದನಿ ಇಲ್ದೆ ಅಸೂನೂ ಸರ್ಯಾಗಿ ಆಲು ಕೊಡ್ತಿಲ್ಲ” ಅಂತ ಮಾರ್ಕ್ಸ್ ಕಾರ್ಡು ನನ್ನ ಮುಂದಿಟ್ಟರು.

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಇಲ್ಲಿ ಸೀಟು ಕೊಡಲ್ಲ, ಕೂತು ಮಾತಾಡಿಸ್ತೀವಿ ಅಂತ. ಆತ ಯೋಚನೆ ಮಾಡಿದರು. “ಸರಿ, ಮೊದ್ಲು ಅದೇ ಆಗ್ಲಿ. ಸೀಟು ಆಮ್ಯಾಕೆ ನೋಡವಾ” ಅಂತ ಎದ್ದವರು ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದರು.

“ಮಾತಾಡ್ಸೋದು ಮೆರಿಟ್ನಾಗಾ, ಮ್ಯಾನೇಜ್‌ಮೆಂಟ್ನಾಗಾ?”

ಇನ್ನೂ ಮೂವತ್ತು ದಾಟದ ತಾತ

ಫ್ಯಾನಿನ ಗಾಳಿ ಬೀಳೋ ತುದಿಗೆ ಮೊದಲಿಂದ ಒಬ್ಬರು ಖಾಯಂ ಗಿರಾಕಿ ಇದ್ದರು. ಚಾಂಪಿಯನ್ ರೀಫ್ಸ್‌ನ ತಾತ, ಚಿನ್ನದ ಗಣಿ ಮುಚ್ಚೋವರೆಗೂ ಕೆಳಗಿಳಿದು ದುಡಿದವರು. ತಮಿಳು ಪೇಪರು ಕಂಕುಳಲ್ಲಿಟ್ಟುಕೊಂಡು ದಿನಾ ಬರೋರು. ಹಾಲಿನವರ ಮಗಳು ಮೊದಲ ದಿನ ಬೆವೆತು ನಿಂತಾಗ “ಉಕ್ಕಾರು ಕಣ್ಣು, ಕೂತ್ಕೋ ಮಗಾ” ಅಂತ ಜಾಗ ಬಿಟ್ಟುಕೊಟ್ಟವರೂ ಅವರೇ. ಅವತ್ತಿನಿಂದ ಪ್ರತಿ ಬುಧವಾರ ಆ ತುದಿ ಹುಡುಗಿಗೆ, ಮಿಕ್ಕ ದಿನ ತಾತನಿಗೆ.

ಒಂದು ಸಲ ಮೇಲಧಿಕಾರಿ ಬಂದು, “ಇದು ಮೂವತ್ತೈದರ ಒಳಗಿನವರಿಗೆ, ಇವರ್ಯಾಕೆ ಇಲ್ಲಿ?” ಅಂತ ನನ್ನನ್ನ ಕೇಳಿದರು. ತಾತ ಪೇಪರು ಮಡಚಿದರು.

“ವಯಸ್ಸು ಆಗೋದು ಎಂಗೆ ಸಾರ್? ಸೂರ್ಯ ಉಟ್ಟಿ ಮುಳುಗೋದ್ರಿಂದ ತಾನೆ? ಕೆಳಗೆ ವೇಲೆ, ಅದೇ ಕೆಲ್ಸ, ಮಾಡೋವಾಗ ನಾನ್ ಸೂರ್ಯನ್ನೇ ನೋಡ್ಲಿಲ್ಲ. ಆ ವರ್ಷ ಎಲ್ಲಾ ಕಳೀರಿ. ಈಗ ಲೆಕ್ಕ ಆಕಿ, ಮೂವತ್ತು ದಾಟೈತಾ?”

ಅಧಿಕಾರಿ ನಕ್ಕು ಎಲ್ಲರಿಗೂ ಟೀ ತರಿಸಿದರು. ತಾತ ಲೋಟ ಹಿಂದೆ ತಳ್ಳಿದರು.

“ಚಿಕ್ಕುಡುಗರಿಗೆ ಟೀ ಕೊಡಬಾರ್ದು ಸಾರ್. ಆಲು ತರ್ಸಿ.”

ನೆಮ್ಮದಿಯ ಜಾಗ

ಭಾನುವಾರ ಬರುತ್ತಿದ್ದವರು ಕೂಲಿ ಹುಡುಗರು. ವಾರವೆಲ್ಲ ಕತ್ತಲಲ್ಲೇ ಎದ್ದು, ಬೆಂಗಳೂರು ಟ್ರೈನಿನಲ್ಲಿ ಒಂಟಿಕಾಲಲ್ಲಿ ನೇತಾಡಿಕೊಂಡು ಹೋಗಿಬರೋರು. ಕಣ್ಣು ಮುಚ್ಚಿಸಿ, ನಿಮಗೆ ನೆಮ್ಮದಿ ಕೊಡೋ ಜಾಗಕ್ಕೆ ಮನಸ್ಸಿನಲ್ಲೇ ಹೋಗಿ, ಬೆಟ್ಟ ಆಗಲಿ, ಕೆರೆ ಆಗಲಿ, ಅಂದೆ. ಒಬ್ಬನ ಮುಖದಲ್ಲಿ ಎಂಥಾ ಕಳೆ ಬಂತು ಅಂತೀರಿ. ನನ್ನ ಟ್ರೇನಿಂಗ್ ಸಾರ್ಥಕ ಆಯಿತು ಅಂತ ಒಳಗೊಳಗೇ ಬೀಗಿದೆ. ಆಮೇಲೆ ಕಣ್ಣು ಬಿಡಿ ಅಂತ ನಾನು ಜೋರಾಗಿ ಅಂದಾಗ ಬೆಚ್ಚಿಬಿದ್ದು ಜೇಬು ತಡಕಿಕೊಂಡ.

“ಎಲ್ಲಿಗೆ ಹೋಗಿದ್ದೆಪ್ಪಾ?”

“ಟ್ರೈನಲ್ಲೇ ಮೇಡಂ. ಕಿಟಕಿ ಪಕ್ಕ ಸೀಟು ಸಿಕ್ಕಿತ್ತು.”

“ಮತ್ತೆ ಜೇಬಲ್ಲೇನು?”

“ನೀವು ಕೂಗಿದ್ರಲ್ಲ, ಟಿಸಿ ಬಂದ್ರು ಅಂದ್ಕೊಂಡೆ.”

ಸೀಟು ಸಿಕ್ತು

ಹಾಲಿನವರ ಮಗಳು ಮಾತ್ರ ಬಾಯಿ ಬಿಡಲಿಲ್ಲ. ತಲೆ ಆಡಿಸೋಳು, ಹಾಳೆ ಕೊಟ್ಟರೆ ಹಸುವಿನ ಚಿತ್ರ ಬರೆಯೋಳು. ನಾನು ಕಲಿತ ವಿದ್ಯೆಯೆಲ್ಲ ಖರ್ಚಾಯಿತು. ಅಪ್ಪ ಮೆಟ್ಟಿಲ ಮೇಲೆ ಕಾಯುತ್ತಿದ್ದು, ನಾವು ಹೊರಗೆ ಬಂದ ತಕ್ಷಣ ನನ್ನ ಮುಖ ನೋಡೋರು. ಇನ್ನೂ ಇಲ್ಲ ಅಂತ ನಾನು ತಲೆಯಾಡಿಸಿದರೆ, “ಮುಂದಿನ್ ರೌಂಡ್ನಾಗೆ ನೋಡವಾ” ಅಂತ ಟವೆಲ್ಲು ಕೊಡವಿ ಎದ್ದು ಹೋಗೋರು.

ಒಂದು ಬುಧವಾರ ಸುಡುಬಿಸಿಲು. ತಾತ ವಾರ ಮರೆತು ಫ್ಯಾನಿನ ಕೆಳಗೇ ಕೂತು ತೂಕಡಿಸುತ್ತಿದ್ದರು. ಹುಡುಗಿ ಬಂದು ಅವರೆದುರು ನಿಂತಳು. ನಿಂತೇ ಇದ್ದಳು. ತಾತನ್ನ ಎಬ್ಬಿಸೋಣ ಅಂತ ನಾನು ಏಳುತ್ತಿದ್ದೆ, ಅಷ್ಟರಲ್ಲಿ ತುಕ್ಕು ಹಿಡಿದ ಬಾಗಿಲಿನಂಥಾ ದನಿ ಬಂತು.

“ತಾತಾ, ಅದು ನನ್ ಸೀಟು.”

ತಾತ ದಡಕ್ಕನೆ ಎದ್ದು ಗಾಳಿ ಬಾರದ ತುದಿಗೆ ಸರಿದರು. ಮೆಟ್ಟಿಲ ಮೇಲಿದ್ದ ಅಪ್ಪ ಓಡಿ ಬಂದರು. “ಯಾರಂದಿದ್ದು? ಏನಂದ್ಲು? ಇನ್ನೊಂದ್ಸಲ ಅನ್ನು ಮಗಾ.”

“ಇದು ನನ್ ಸೀಟು ಅಂದೆ ಅಪ್ಪಾ” ಅಂದಳು, ಕಿಸಕ್ಕನೆ ನಕ್ಕಳು. ಆತ ಟವೆಲ್ಲಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟರು. ಕೌನ್ಸೆಲರ್ ಅಳಬಾರದು ಅಂತಾರೆ. ನಾನೂ ಅತ್ತೆ, ಯಾರು ಏನಾದರೂ ಅಂದುಕೊಳ್ಳಲಿ.

ಮೂಗು ಒರೆಸಿಕೊಂಡು ಆತ ಬಾಮೈದನಿಗೆ ಫೋನು ಹಚ್ಚಿದರು. “ಲೇ, ನಮ್ ಉಡ್ಗಿಗೆ ಸೀಟು ಸಿಕ್ತು ಕಣ್ಲಾ.”

ಆ ಕಡೆಯ ದನಿ ನಮಗೆಲ್ಲ ಕೇಳಿಸುತ್ತಿತ್ತು. “ಯಾವ ಕಾಲೇಜು ಬಾವಾ?”

“ಕಾಲೇಜಲ್ಲ ಕಣ್ಲಾ. ರಾಬರ್ಟ್‌ಸನ್‌ಪೇಟೆ, ಫ್ಯಾನ್ ಕೆಳ್ಗೆ.”

“ಮೆರಿಟ್ಟಾ, ಮ್ಯಾನೇಜ್‌ಮೆಂಟಾ?”

ಆತ ಬೆಂಚಿನ ಆ ತುದಿಯಲ್ಲಿ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ತಾತನ್ನ ಒಂದು ಸಲ ನೋಡಿದರು.

“ಮೆರಿಟ್ಟೇ ಕಣ್ಲಾ. ಸೀನಿಯರ್‌ನ ಎಬ್ಬಿಸಿ ತಕ್ಕೊಂಡವ್ಳೆ.”