ಹರಿವೆ ಸಾಹೇಬರ ಕೊನೇ ಹಾಳೆ

ಸೀತಾರಾಮನ ಅಂಗಡೀಲಿ ಅವತ್ತು ಬೆಳಿಗ್ಗೆ ಕಾಣೆಯಾಗಿದ್ದು ಒಂದೇ ಒಂದು ಹಾಳೆ. ಅದೂ ಅವನಿಗೆ ಓದೋಕೆ ಬಾರದ ಹಾಳೆ.

ಮುತ್ತಿನಕೊಪ್ಪದ ಬಸ್ ಸ್ಟಾಪಿನ ಎದುರು ಅವನದು ದಿನಸಿ ಅಂಗಡಿ. ಪೊಟ್ಟಣ ಕಟ್ಟೋಕೆ ಅಂತ ಶಿವಮೊಗ್ಗದ ರದ್ದಿ ಅಂಗಡಿಯಿಂದ ಎರಡು ವರ್ಷದ ಹಿಂದೆ ಒಂದು ಮೂಟೆ ಅಮೇರಿಕದ ಪುಸ್ತಕ ತಂದಿದ್ದ. ಬೇರೆ ಅಂಗಡಿಯವರು ಕನ್ನಡ ಪೇಪರಲ್ಲಿ ಕಟ್ಟುತ್ತಿದ್ದರು. ಕನ್ನಡ ಪೇಪರು ಊದಿದರೆ ಹಾರುತ್ತದೆ. ಅಮೇರಿಕದ ಹಾಳೆ ಹಾಗಲ್ಲ. ಹಪ್ಪಳದಷ್ಟು ದಪ್ಪ, ತಕ್ಕಡಿಗೆ ಹಾಕಿದರೆ ಮನೆಯಳಿಯನ ಹಾಗೆ ಭಾರವಾಗಿ ಕೂರುತ್ತದೆ. ಸೀತಾರಾಮ ಸಾಮಾನನ್ನು ಕಾಗದದ ಸಮೇತ ತೂಗುವವನು. ಇದನ್ನು ಅವನು ಮೋಸ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ. ಕಾಗದ ಅಂದುಕೊಂಡಿದ್ದ.

ಆ ಮೂಟೆಯಲ್ಲಿ ಒಂದು ಪುಸ್ತಕದ ರಟ್ಟಿನ ಮೇಲೆ ಏಪ್ರನ್ ಕಟ್ಟಿಕೊಂಡು ಅಂಗಡಿ ಬಾಗಿಲಲ್ಲಿ ನಿಂತ ಒಬ್ಬನ ಚಿತ್ರ ಇತ್ತು. ತನ್ನ ಜಾತಿಯವನನ್ನು ಕಂಡ ಹಾಗಾಯಿತು ಸೀತಾರಾಮನಿಗೆ. ಅದನ್ನು ಹರಿಯದೆ ಎತ್ತಿಟ್ಟು, ರಿಟೈರಾದ ಪೋಸ್ಟ್ ಮಾಸ್ಟರ್ ತ್ರ್ಯಂಬಕಯ್ಯನವರಿಗೆ ತೋರಿಸಿದ. ಊರಲ್ಲಿ ಇಂಗ್ಲಿಷ್ ಬಲ್ಲವರು ಹೈಸ್ಕೂಲಿನ ಮೇಷ್ಟ್ರುಗಳು ಬಿಟ್ಟರೆ ಅವರೊಬ್ಬರೇ.

"ಇವನ ಹೆಸರು ಹಾರ್ವೆ ಅಂತೆ ಮಾರಾಯ. ಸಣ್ಣ ಕಿರಾಣಿ ಅಂಗಡಿಯವ. ಆಮೇಲೆ ಹನ್ನೆರಡು ಅಂಗಡಿ ಮಾಡ್ದ. ಆಮೇಲೆ ಊರಿಗೆ ಮೇಯರ್ ಆದ. ಆಮೇಲೆ ಅವರ ವಿಧಾನಸಭೆ ಥರದ್ದಕ್ಕೆ ನಿಂತ."

"ಹರಿವೆನಾ? ನಮ್ಮ ಹರಿವೆ ಸೊಪ್ಪಾ?"

"ಹೂಂ, ಹಂಗೇ ಇಟ್ಕೋ."

ಅವತ್ತಿಂದ ದಿನಾ ಮಧ್ಯಾಹ್ನ ಅಂಗಡಿ ಹಿಂದಿನ ಬೆಂಚಿನ ಮೇಲೆ ಒಂದು ಚಿಟಿಕೆ ನಶ್ಯಕ್ಕೆ ಎರಡು ಪುಟದಂತೆ ತ್ರ್ಯಂಬಕಯ್ಯ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಸಂಜೆ ಸೀತಾರಾಮ ಅದನ್ನೇ ಗಿರಾಕಿಗಳಿಗೆ ಹೇಳುತ್ತಿದ್ದ. ಹೇಳುವಾಗ, "ನಾನು ನಿನ್ನೆ ಇಂಗ್ಲಿಷಲ್ಲಿ ಓದಿದ್ದು" ಅಂತ ಶುರು ಮಾಡುತ್ತಿದ್ದ. ಮೊದಲ ಸಲ ಬಾಯಿ ತಪ್ಪಿ ಬಂದಿದ್ದು. ಜನ ಗೌರವದಿಂದ ನೋಡಿದರು. ಎರಡನೇ ಸಲದಿಂದ ಬಾಯಿ ತಪ್ಪಲಿಲ್ಲ.

ಮಂಡಲ ಪಂಚಾಯ್ತಿ ಚುನಾವಣೆ ಬಂದಾಗ ಸೀತಾರಾಮ ನಾಮಪತ್ರ ಹಾಕಿದ. ಎದುರಿಗೆ ಅಕ್ಕಿ ಮಿಲ್ಲಿನ ರೇಣುಕಪ್ಪ. ಸೀತಾರಾಮನಿಗೆ ಸಿಕ್ಕಿದ ಗುರುತು ತಕ್ಕಡಿ.

ಪ್ರಚಾರ ಪೂರ್ತಿ ಹರಿವೆ ಸಾಹೇಬರ ಕ್ರಮದಲ್ಲೇ ನಡೆಯಿತು. ಹರಿವೆ ಸಾಹೇಬರು ಎದುರು ಸಿಕ್ಕವರಿಗೆಲ್ಲ ಕೈ ಕುಲುಕುತ್ತಿದ್ದರಂತೆ. ಸೀತಾರಾಮ ಬೀದಿಯಲ್ಲಿ ತನ್ನ ಅಂಗಡಿಯ ಗಿರಾಕಿ ಅಮೀರ್ ಬೀ ಮುಂದೆ ಕೈ ಚಾಚಿದ. ಅವಳು ಅದರಲ್ಲಿ ಸೀಮೆಎಣ್ಣೆ ಬಾಟ್ಲಿ ಇಟ್ಟು, "ಒಂದು ಲೀಟ್ರು" ಅಂದಳು. ಹರಿವೆ ಸಾಹೇಬರು ಕೂಸುಗಳಿಗೆ ಮುತ್ತು ಕೊಡುತ್ತಿದ್ದರಂತೆ. ಸೀತಾರಾಮ ಒಂದು ಓಣಿಯ ಕೂಸುಗಳನ್ನೆಲ್ಲ ಮುಗಿಸಿ ಹೊರಗೆ ಬರುವಾಗ ಅಷ್ಟೂ ಕಾಡಿಗೆ ಅವನ ಮೂತಿಗೆ ಬಂದಿತ್ತು. ನಾಯಿಗಳು ಬೊಗಳಿದವು.

ಈಗ ಕೊನೇ ಹಾಳೆ ಮಾತ್ರ ಬಾಕಿ; ಚುನಾವಣೆ ಹತ್ರ ಬಂದಾಗ ಹಾರ್ವೆ ಒಂದು ಕೆಲಸ ಮಾಡಿದ ಅನ್ನೋ ಸಾಲಿಗೆ ತ್ರ್ಯಂಬಕಯ್ಯ ಪುಸ್ತಕ ಮುಚ್ಚಿದ್ದರು. ಹಿಂದಿನ ದಿನ ಗಫೂರನ ಹೋಟ್ಲೆದುರು ಹತ್ತಾರು ಜನರ ಮುಂದೆ ಸೀತಾರಾಮ ಹೇಳಿಬಿಟ್ಟಿದ್ದ: "ಚುನಾವಣೆ ಹತ್ರ ಬಂದಾಗ ಹರಿವೆ ಸಾಹೇಬ್ರು ಒಂದು ಕೆಲಸ ಮಾಡಿದ್ರು. ಅದೇನು ಅಂತ ನಾಳೆ ಸಭೆಲಿ ಓದಿ ಹೇಳ್ತೀನಿ. ಅವ್ರು ಮಾಡಿದ್ದನ್ನೇ ನಾನೂ ಅಲ್ಲೇ, ನಿಮ್ಮೆದ್ರಿಗೇ ಮಾಡ್ತೀನಿ. ತಕ್ಕಡಿ ಮೇಲಾಣೆ."

ಬೆಳಿಗ್ಗೆ ಎದ್ದು ಪುಸ್ತಕ ತೆಗೆದರೆ ಕೊನೇ ಹಾಳೆ ಇಲ್ಲ. ರಟ್ಟಿನ ಪಕ್ಕ ಬರೀ ದಾರ.

"ರಾಧಾ, ಇದನ್ನ ಯಾರು ಹರಿದಿದ್ದು?"

"ನಾನೇ," ಅಂದಳು ಹೆಂಡತಿ ರಾಧಮ್ಮ, ದೋಸೆ ಮಗುಚುತ್ತಾ. "ನೀವು ನಿನ್ನೆ ಕೈ ಕುಲುಕೋಕೆ ಹೋಗಿದ್ರಲ್ಲ, ಆಗ ಕಾಗದ ಖಾಲಿ ಆಗಿತ್ತು. ಹಿಂದಿನಿಂದ ಹರಿದು ಅಮೀರ್ ಬೀಗೆ ಮೆಣಸಿನಕಾಯಿ ಕಟ್ಟಿದೆ. ಆಮೇಲೆ ಆ ಫೋಟೋ ಇರೋ ಹಾಳೆ ಮಾತ್ರ..."

ಸೀತಾರಾಮ ಆಗಲೇ ಮೆಟ್ಟಿಲಿಳಿದಿದ್ದ.

ಅಮೀರ್ ಬೀ ಅಂಗಳದಲ್ಲಿ ಕೋಳಿಗೆ ಕಾಳು ಹಾಕುತ್ತಿದ್ದಳು. ಇವನನ್ನು ಕಂಡದ್ದೇ ಕೈ ಹಿಂದಕ್ಕೆ ಕಟ್ಟಿದಳು.

"ಕೈ ಕುಲುಕಲ್ಲ ಸಾವ್ಕಾರ್ರೆ, ಕೈ ತುಂಬ ಕಾಳು."

"ಅದಕ್ಕಲ್ಲ ಅಮೀರ್ ಬೀ. ನಿನ್ನೆ ಮೆಣಸಿನಕಾಯಿ ಕಟ್ಟಿಕೊಟ್ಟ ಕಾಗದ ಇತ್ತಲ್ಲ, ಅದು ಬೇಕಿತ್ತು."

"ಕಾಗದನಾ?" ಅವಳು ಸೊಂಟಕ್ಕೆ ಕೈಯಿಟ್ಟಳು. "ಅದು ಹೆಂಗೆ ವಾಪಸ್ ಕೊಡ್ಲಿ? ಮೆಣಸಿನಕಾಯಿ ರೇಟಲ್ಲಿ ತಗೊಂಡಿದ್ದು."

"ಎಂತ ಹೇಳ್ತಿದೀಯ?"

"ಹಿಡಿ ಕಾಗದ, ಮುಷ್ಟಿ ಮೆಣಸಿನಕಾಯಿ. ನಂಗೆ ಗೊತ್ತಿಲ್ವಾ? ನಿಮ್ಮ ಮರ್ಯಾದೆ ಅಂತ ಸುಮ್ನಿದ್ದೆ. ಕಾಗದಾನೆಲ್ಲ ಕೂಡಿಟ್ಟು ನಮ್ಮ ಗಫೂರನ ಹೋಟ್ಲಿಗೆ ಕೊಡ್ತೀನಿ, ತಿಂಡಿ ಕಟ್ಟೋಕೆ. ನಿನ್ನೇದೂ ಬೆಳಿಗ್ಗೆನೇ ಅಲ್ಲಿಗೆ ಹೋಯ್ತು. ಬದ್ಲಿಗೆ ವಾರಕ್ಕೆ ನಾಲ್ಕು ಬನ್ನು ಬರ್ತದೆ. ನಿಮ್ಮಿಂದ ಹಂಗೂ ಲುಕ್ಸಾನಿಲ್ಲ ಬಿಡಿ."

ಅವಳು ಪ್ರೀತಿಯಿಂದಲೇ ಹೇಳಿದಳು; ಬೈದಿದ್ದರೆ ಸೀತಾರಾಮ ನೆಟ್ಟಗೆ ನಿಂತಿರುತ್ತಿದ್ದ. ಅಂಗಳ ದಾಟುವಷ್ಟರಲ್ಲಿ ಅವನು ಎರಡು ಇಂಚು ಕುಳ್ಳಗಾಗಿದ್ದ.

ಗಫೂರನ ಹೋಟ್ಲಲ್ಲಿ ಬೆಳಗಿನ ಬಸ್ಸಿಗೆ ಕಾಯುವವರು ತುಂಬಿದ್ದರು. ಮೂಲೆಯಲ್ಲಿದ್ದ ಒಬ್ಬ, "ಗಫೂರಣ್ಣ, ನಂಗೊಂದು ಅಮೇರಿಕ ಚಾ" ಅಂದ. ಗಫೂರ ಲೋಟಕ್ಕೆ ಅರ್ಧ ಚಹಾ ಬಗ್ಗಿಸಿ ಕೊಟ್ಟ.

"ಅಮೇರಿಕ ಚಾ ಅಂದ್ರೆ ಎಂತದು?" ಅಂತ ಕೇಳಿದ ಸೀತಾರಾಮ, ಹರಿವೆ ಸಾಹೇಬರ ಸುದ್ದಿ ಇಷ್ಟು ಹಬ್ಬಿದ ಖುಷಿಯಲ್ಲಿ.

ಗಫೂರ ಬಟ್ಟೆಯಿಂದ ಟೇಬಲ್ಲು ಒರೆಸಿದ. ಒರೆಸಿದಲ್ಲೇ ಮತ್ತೆ ಒರೆಸಿದ.

"ಅಂದ್ರೆ... ಕಮ್ಮಿ ಚಾ ಸೀತಾರಾಮಣ್ಣ. ಎರಡು ವರ್ಷದಿಂದ ಹಂಗೇ ಕರೀತಾರೆ. ಯಾಕೋ ನಂಗೂ ಗೊತ್ತಿಲ್ಲ."

ಎಲ್ಲರಿಗೂ ಗೊತ್ತಿತ್ತು ಅನ್ನೋದು ಅವರು ಬಸ್ಸು ಬರುವ ದಿಕ್ಕಿಗೆ ಒಟ್ಟಿಗೇ ತಿರುಗಿದ ರೀತೀಲೇ ತಿಳಿಯುತ್ತಿತ್ತು. ಬಸ್ಸು ಬರಲು ಇನ್ನೂ ಅರ್ಧ ಗಂಟೆ ಇತ್ತು.

ಸೀತಾರಾಮ ದನಿ ತಗ್ಗಿಸಿ ಅಮೀರ್ ಬೀ ಕೊಟ್ಟ ಹಾಳೆ ಕೇಳಿದ.

"ಅಯ್ಯೋ, ಈಗಷ್ಟೇ ಅದ್ರಲ್ಲಿ ಎರಡು ಬನ್ನು ಕಟ್ಟಿ ಕೊಟ್ಟೆ," ಅಂದ ಗಫೂರ. "ರೇಣುಕಪ್ಪನವ್ರಿಗೆ."

ಎದುರಾಳಿಯ ಮಿಲ್ಲಿಗೆ ಹೋಗಿ ಬನ್ನಿನ ಕಾಗದ ಬೇಡುವುದು ಹರಿವೆ ಸಾಹೇಬರ ಹನ್ನೊಂದು ಅಧ್ಯಾಯದಲ್ಲೂ ಇರಲಿಲ್ಲ. ಆದರೂ ಹೋದ. ರೇಣುಕಪ್ಪ ಎರಡನೇ ಬನ್ನಿನ ಕೊನೇ ತುತ್ತಿನಲ್ಲಿದ್ದ. ಕಾಗದ ತೊಡೆಯ ಮೇಲಿತ್ತು.

"ಎಂತ ಮಾರಾಯ, ನನ್ ಓಟು ಕೇಳೋಕೆ ಬಂದ್ಯಾ?"

"ಆ ಕಾಗದ ಕೊಡು ರೇಣುಕಪ್ಪ. ಸುಮ್ನೆ. ಅಂಗಡಿಗೆ ಬೇಕಿತ್ತು."

ಸುಮ್ಮನೆ ಬೇಕಾದ ಕಾಗದಕ್ಕೆ ಯಾರೂ ಓಡಿ ಬಂದು ಏದುಸಿರು ಬಿಡುವುದಿಲ್ಲ. ರೇಣುಕಪ್ಪ ಅದನ್ನು ತಿರುಗಿಸಿ ನೋಡಿದ, ಸೀತಾರಾಮನ ಮುಖ ನೋಡಿದ, ಆಮೇಲೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

"ಓಹೋ, ಆ ಕೊನೇ ಹಾಳೆ ಇದೇ ಅಲ್ದಾ? ಸಂಜೆ ಸಭೆಲಿ ಕೊಡ್ತೀನಿ. ಎಲ್ಲರೆದ್ರಿಗೆ ಓದು. ಇಂಗ್ಲಿಷ್ ಬಲ್ಲವ ನೀನು, ಮೊದ್ಲೇ ನೋಡ್ಕಳೋ ಅಗತ್ಯ ಎಂತ ಇದೆ?"

ನಾಲ್ಕು ಗಂಟೆಗೆ ಬಸ್ ಸ್ಟಾಪಿನ ಅರಳಿಕಟ್ಟೆ ಹತ್ತಿರ ಜನ ಸೇರಿದರು. ಹೈಸ್ಕೂಲಿನ ಮೇಷ್ಟ್ರುಗಳೆಲ್ಲ ಚುನಾವಣೆ ಡ್ಯೂಟಿಯ ತರಬೇತಿಗೆ ಅಂತ ನರಸಿಂಹರಾಜಪುರಕ್ಕೆ ಹೋಗಿದ್ದರು. ಇಂಗ್ಲಿಷ್ ಬಲ್ಲವರು ಅಂತ ಕಟ್ಟೆಯ ಬಳಿ ಇದ್ದದ್ದು ಕೈಚೀಲ ಹಿಡಿದುಕೊಂಡ ತ್ರ್ಯಂಬಕಯ್ಯ, ಮತ್ತು ಊರಿನ ಲೆಕ್ಕದಲ್ಲಿ ಸೀತಾರಾಮ.

ರೇಣುಕಪ್ಪ ಮೈಕಿನ ಮುಂದೆ ಬಂದು ಎಣ್ಣೆ ಜಿಡ್ಡಿನ ಹಾಳೆಯನ್ನು ಎರಡೂ ಕೈಯಿಂದ, ತಾಂಬೂಲ ಕೊಡುವ ಹಾಗೆ, ಸೀತಾರಾಮನಿಗೆ ಕೊಟ್ಟ.

ಸೀತಾರಾಮ ಬಿಡಿಸಿ ನೋಡಿದ. ಉದ್ದಕ್ಕೆ ಸಾಲು ಸಾಲಾಗಿ ಸಣ್ಣ ಸಣ್ಣ ಪದ. ಪ್ರತಿ ಪದದ ಪಕ್ಕ ಅಂಕಿ. ಅಂಕಿ ಅವನಿಗೆ ಬರುತ್ತಿತ್ತು. ಅವನ ಮುಖ ಅರಳಿತು.

"ಇದು ಹರಿವೆ ಸಾಹೇಬ್ರಿಗೆ ಯಾವ್ಯಾವ ಊರಲ್ಲಿ ಎಷ್ಟೆಷ್ಟು ಓಟು ಬಿತ್ತು ಅನ್ನೋ ಪಟ್ಟಿ," ಅಂದ. "ಒಂದೂರಲ್ಲಿ ಹದಿನಾಲ್ಕು. ಇನ್ನೊಂದೂರಲ್ಲಿ... ಏಳು."

"ಏಳೇನಾ?" ಅಂದ ಗಫೂರ. "ಅವ್ರ ಮನೆಯವ್ರೂ ಹಾಕ್ಲಿಲ್ವಾ?"

ಜನ ನಕ್ಕರು. ರೇಣುಕಪ್ಪ ನಗಲಿಲ್ಲ. "ಓಟಿನ ಕತೆ ಇರ್ಲಿ. ಅವ್ರು ಮಾಡಿದ ಕೆಲಸ ಎಂತದು, ಅದನ್ನ ಓದು."

ಸೀತಾರಾಮ ಜೇಬು ಮುಟ್ಟಿಕೊಂಡ. "ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ."

"ನೀನು ಯಾವಾಗ ಕನ್ನಡಕ ಹಾಕ್ದೆ ಮಾರಾಯ?"

"ಇಂಗ್ಲಿಷಿಗೆ ಮಾತ್ರ."

ಕೊನೆಗೆ ತ್ರ್ಯಂಬಕಯ್ಯನವರನ್ನು ಕಟ್ಟೆ ಹತ್ತಿಸಿದರು. ಅವರು ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಒಂದು ಚಿಟಿಕೆ ನಶ್ಯ ಏರಿಸಿದರು. ಸೀತಾರಾಮನ ಕಡೆಗೊಮ್ಮೆ ನೋಡಿ, ಪೋಸ್ಟಾಫೀಸಿನ ದನಿಯಲ್ಲಿ ಶುರು ಮಾಡಿದರು.

"ಹಾರ್ವೆಯವರು ಚುನಾವಣೆಗೆ ಮುಂಚೆ ತಮ್ಮ ಅಂಗಡಿಯ ತಕ್ಕಡಿಯನ್ನು ಊರ ನಡುವೆ ತರಿಸಿದರು. ತಾವು ಮಾರಿದ ಒಂದು ಪೊಟ್ಟಣ ತರಿಸಿದರು. ಕಾಗದ ಬೇರೆ, ಸಾಮಾನು ಬೇರೆ ಮಾಡಿ ಜನರೆದುರು ತೂಗಿಸಿದರು." ಅವರು ತಲೆಯೆತ್ತಿದರು. "ಹೌದೋ ಅಲ್ಲವೋ ಸೀತಾರಾಮ? ನೀನೂ ಓದಿದೀಯಲ್ಲ."

ನೂರೈವತ್ತು ಮುಖ ಅವನ ಕಡೆ ತಿರುಗಿದವು. ಅಲ್ಲ ಅಂದರೆ, ಹಾಗಾದರೆ ನೀನೇ ಓದು ಅನ್ನುತ್ತಾರೆ. "ಹೌದು," ಅಂದ ಸೀತಾರಾಮ. "ಹಂಗೇ ಇದೆ."

ಗಫೂರ ಓಡಿಹೋಗಿ ಸೀತಾರಾಮನ ಅಂಗಡಿಯ ತಕ್ಕಡಿ ತಂದ. ಪೊಟ್ಟಣ ಹುಡುಕುವ ಕಷ್ಟ ಬರಲಿಲ್ಲ. ತ್ರ್ಯಂಬಕಯ್ಯನವರ ಕೈಚೀಲದಲ್ಲೇ, ಮಧ್ಯಾಹ್ನ ಸೀತಾರಾಮನ ಅಂಗಡೀಲಿ ಕೊಂಡ ಕಾಲು ಕೇಜಿ ಕಾಫಿಪುಡಿ ಇತ್ತು. ದಾರ ಬಿಚ್ಚಿ ಪುಡಿಯನ್ನು ಒಂದು ತಟ್ಟೆಗೆ ಸುರಿದರು. ಇನ್ನೊಂದು ತಟ್ಟೆಯಲ್ಲಿ ಕಾಲು ಕೇಜಿ ತೂಕದ ಬಟ್ಟು. ಬಟ್ಟಿನ ತಟ್ಟೆ ಧಡಕ್ಕನೆ ಕೆಳಗೆ ಹೋಯಿತು, ಕಾಫಿಪುಡಿ ಮೇಲಕ್ಕೆ ಹೋಗಿ ಊರಿಗೆಲ್ಲ ಘಮಘಮ ಅಂತು. ತ್ರ್ಯಂಬಕಯ್ಯ ಕಟ್ಟಿದ ಎರಡು ಹಾಳೆಯನ್ನು ಮಡಚಿ ಪುಡಿಯ ಮೇಲೆ ಮೆಲ್ಲಗೆ ಇಟ್ಟರು. ಮುಳ್ಳು ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ನಡುವೆ ನಿಂತಿತು.

"ಭಾರಿ ಕರೆಕ್ಟಾಗಿ ತೂಗ್ತಾರೆ ಸಾವ್ಕಾರ್ರು," ಅಂದಳು ಅಮೀರ್ ಬೀ.

ಯಾರೂ ಬೈಯಲಿಲ್ಲ. ಅದೇ ಕೆಟ್ಟದ್ದಾಗಿದ್ದು. ರೇಣುಕಪ್ಪ ಕೂಡ ಎಲ್ಲೋ ನೋಡುತ್ತಿದ್ದ; ಅವನ ಮಿಲ್ಲಿನ ತಕ್ಕಡಿಯನ್ನು ಯಾರಾದರೂ ನೆನೆಸಿಕೊಂಡರೆ ಅನ್ನೋ ಯೋಚನೆ ಇರಬೇಕು. ಸೀತಾರಾಮನಿಗೆ ಎರಡು ವರ್ಷದ ಪೊಟ್ಟಣಗಳೆಲ್ಲ ಒಂದೊಂದೇ ಬಿಚ್ಚಿಕೊಂಡು ತಲೆ ಮೇಲೆ ಸುರಿದ ಹಾಗಾಯಿತು. ಅಂಗಿಯ ಮೇಲೆ ಚುಚ್ಚಿಕೊಂಡಿದ್ದ ತಕ್ಕಡಿ ಚಿತ್ರದ ಬಿಲ್ಲೆಯನ್ನು ಕೈಯಿಂದ ಮುಚ್ಚಿಕೊಂಡ.

"ತಪ್ಪಾಯ್ತು," ಅಂದ, ಮೈಕಿನಲ್ಲಿ. ಮೈಕು ಅದನ್ನು ಊರಾಚೆಯ ಗದ್ದೆಯವರೆಗೂ ಕೇಳಿಸಿತು. "ಇನ್ಮೇಲೆ ಕಾಗದ ಬಿಟ್ಟು ತೂಗ್ತೀನಿ."

"ಹರಿವೆ ಸಾಹೇಬ್ರೂ ಹಿಂಗೇ ಒಪ್ಕಂಡ್ರಾ?" ಅಂತ ಗಫೂರ ಕೇಳಿದ.

"ಒಪ್ಕಂಡ್ರು," ಅಂದರು ತ್ರ್ಯಂಬಕಯ್ಯ.

"ಆಮೇಲೆ ಗೆದ್ರಾ?"

"ಅದು ಈ ಹಾಳೆಲಿಲ್ಲ."

ಸೀತಾರಾಮ ಹಿತ್ತಿಲ ದಾರಿ ಹಿಡಿದು ಮನೆಗೆ ಬಂದ. ರಾಧಮ್ಮ ನೀರು ಕೊಟ್ಟಳು. ಮೈಕು ಅವಳಿಗೂ ಕೇಳಿಸಿತ್ತು. ಲೋಟ ಇಡೋಕೆ ಅಂತ ಅವನು ಗೋಡೆ ಬೀರುವಿನ ಬಾಗಿಲು ತೆಗೆದ. ಬಾಗಿಲ ಒಳಮೈಗೆ ಅನ್ನದ ಅಗುಳಲ್ಲಿ ಮೇಲಿನ ಅಂಚು ಮಾತ್ರ ಅಂಟಿಸಿದ ಒಂದು ಹಾಳೆ. ಹಾಳೆಯ ಮೇಲ್ಗಡೆ, ಏಪ್ರನ್ ಬಿಚ್ಚಿ ಕೋಟು ಹಾಕಿಕೊಂಡು ಹಲ್ಲು ಕಿರಿಯುತ್ತಿದ್ದ ಹರಿವೆ ಸಾಹೇಬರು. ಕೆಳಗೆ ನಾಲ್ಕು ಸಾಲು ಇಂಗ್ಲಿಷು, ಆಮೇಲೆ ಬರೀ ಬಿಳಿ.

"ಇದು ಇಲ್ಲಿ ಹೆಂಗೆ ಬಂತು?"

"ಬೆಳಿಗ್ಗೆ ಅದನ್ನೇ ಹೇಳೋಕೆ ಬಂದೆ, ನೀವು ಓಡಿದ್ರಿ. ನಕ್ಕರೆ ನಮ್ಮ ದೊಡ್ಡಣ್ಣನ ಥರ ಕಾಣ್ತಾರೆ ಅಂತ ಎತ್ತಿಟ್ಟೆ. ಅಮೀರ್ ಬೀಗೆ ಕಟ್ಟಿದ್ದು ಇದರ ಆಚೆಗಿದ್ದದ್ದು, ಬರೀ ಪಟ್ಟಿ ಇತ್ತಲ್ಲ, ಅದು."

ಸೀತಾರಾಮ ಹಾಳೆಯನ್ನು ಹರಿಯದ ಹಾಗೆ ಬಿಡಿಸಿಕೊಂಡು ತ್ರ್ಯಂಬಕಯ್ಯನವರ ಮನೆಗೆ ನಡೆದ. ಅವರು ಜಗಲೀಲಿ ಕಾಫಿ ಕುಡಿಯುತ್ತಿದ್ದರು.

"ಮಾಸ್ಟ್ರೆ, ಸಭೆಲಿ ನೀವು ಓದಿದ್ದು ಎಂತದು?"

"ಅದಾ? ಯಾವ ವಿಷಯ ಯಾವ ಪುಟದಲ್ಲಿದೆ ಅನ್ನೋ ಪಟ್ಟಿ. ಎಲ್ಲಾ ದೊಡ್ಡ ಪುಸ್ತಕದ ಹಿಂದೆ ಇರ್ತದೆ."

"ತಕ್ಕಡಿ ಕತೆ?"

"ಅದು ಪಟ್ಟಿಲಿರ್ಲಿಲ್ಲ."

"ನಾಳೆ ಊರಿಗೆಲ್ಲ ಹೇಳ್ತೀನಿ, ನೀವು ಸುಳ್ಳೋದಿದ್ರಿ ಅಂತ."

"ಹೇಳು ಮಾರಾಯ. ಹೌದು, ನಾನೂ ಓದಿದೀನಿ ಅಂತ ನೀನು ಮೈಕಲ್ಲಿ ಯಾಕೆ ಹೇಳ್ದೆ ಅಂತ ಕೇಳ್ತಾರೆ. ಅದಕ್ಕೂ ಒಂದು ಉತ್ತರ ಯೋಚ್ನೆ ಮಾಡ್ಕೊಂಡು ಹೋಗು."

ಸೀತಾರಾಮ ಜಗಲಿಯ ತುದಿಗೆ ಕೂತ. ಆಮೇಲೆ ಕೈಯಲ್ಲಿದ್ದ ಹಾಳೆಯನ್ನು ಅವರ ಕಡೆ ಚಾಚಿದ. ಏನೇ ಆದರೂ ಹರಿವೆ ಸಾಹೇಬರು ಗೆದ್ದರೋ ಸೋತರೋ ಅದೊಂದು ತಿಳಿಯಬೇಕಿತ್ತು. ಊರಲ್ಲಿ ಇನ್ಯಾರನ್ನೂ ಕೇಳುವ ಹಾಗಿರಲಿಲ್ಲ.

"ಇದು ನಿಜವಾದ ಕೊನೇ ಹಾಳೆ. ಇದನ್ನಾದ್ರೂ ಇದ್ದ ಹಾಗೆ ಓದಿ."

ತ್ರ್ಯಂಬಕಯ್ಯ ಕನ್ನಡಕ ಏರಿಸಿ ನಾಲ್ಕು ಸಾಲನ್ನೂ ಎರಡು ಸಲ ನೋಡಿದರು. ನಶ್ಯದ ಡಬ್ಬಿ ಮುಚ್ಚಿಟ್ಟರು.

"'ಹಾರ್ವೆಯವರು,'" ಅಂತ ಓದಿದರು, "'ತಮಗೆ ದಿನಾ ಪುಸ್ತಕ ಓದಿ ಹೇಳುತ್ತಿದ್ದ ಮುದಿ ಪೋಸ್ಟ್ ಮಾಸ್ಟರಿಗೆ ಎರಡು ವರ್ಷ ಕಮ್ಮಿ ಕೊಟ್ಟಿದ್ದ ಕಾಫಿಪುಡಿಯನ್ನೆಲ್ಲ ಮಾರನೇ ದಿನ ಬೆಳಿಗ್ಗೆಯೇ ಅವರ ಮನೆಗೆ ಕಳಿಸಿಕೊಟ್ಟರು.' ಇಷ್ಟೇ ಇದೆ." ಅವರು ಹಾಳೆ ವಾಪಸ್ ಕೊಟ್ಟರು. "ಹೌದೋ ಅಲ್ಲವೋ?"

ಸೀತಾರಾಮ ಹಾಳೆಯಲ್ಲಿ ನಗುತ್ತಿದ್ದ ಹರಿವೆ ಸಾಹೇಬರನ್ನು ನೋಡಿದ. ಪಕ್ಕದ ಮನೆಯವರು ಬೇಲಿಯಾಚೆ ಕಿವಿಗೊಟ್ಟು ನಿಂತಿದ್ದರು.

"ಹೌದು ಮಾಸ್ಟ್ರೆ," ಅಂದ. "ನಾನೂ ಓದಿದೆ. ಹಂಗೇ ಇದೆ."