ದೊಡ್ಡಪ್ಪನ ಜಂಟಿ ಸಮಿತಿ

ನಮ್ಮ ದೊಡ್ಡಪ್ಪನ ಮನೆಯಲ್ಲಿ ಸೊಳ್ಳೆ ಹೊಡೆಯುವುದಕ್ಕೂ ಸಮಿತಿಯ ಶಿಫಾರಸು ಬೇಕು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಅದನ್ನು ಪರಿಶೀಲಿಸಲು ಅವರು ಒಂದು ಉಪಸಮಿತಿ ಮಾಡಿಕೊಡುತ್ತಾರೆ!

ದೆಹಲಿಯ ಸಂಸತ್ತಿನಲ್ಲಿ ಸಮಿತಿಗಳ ಕಡತ ಹೊತ್ತು ನಿವೃತ್ತರಾಗಿ, ಚೆನ್ನೈನ ಹಳೆಯ ಮನೆಗೆ ಮರಳಿದವರು ಅವರು. ಕೆಳಗೆ ಅವರು, ದೊಡ್ಡಮ್ಮ, ಮಗಳು, ಜೊತೆಗೆ ಅಲ್ಲಿನ ಗಿಂಡಿ ಬಡಾವಣೆಯಲ್ಲಿ ಕೆಲಸ ಸಿಕ್ಕಿ ಅವರ ಅನ್ನಕ್ಕೆ ಬಿದ್ದ ನಾನು. ಮಹಡಿಯಲ್ಲಿ ಅವರ ಅಕ್ಕ, ಅಂದರೆ ನಮ್ಮ ಅತ್ತೆ. ಎರಡು ಸದನಕ್ಕೆ ಇನ್ನೇನು ಬೇಕು?

ಒಂದು ಬೇಸಿಗೆಯಲ್ಲಿ ನಲ್ಲಿ ಒಣಗಿತು. ದೊಡ್ಡ ತೊಟ್ಟಿ ತರೋಣವೆಂದು ದೊಡ್ಡಮ್ಮ ಮಸೂದೆ ಮಂಡಿಸಿದರು. ಸಮಿತಿ ಕೂತಿತು. ಸಾಕ್ಷಿ ಹೇಳಲು ಬಂದ ಪ್ಲಂಬರ್ ಕಾಫಿ ಕುಡಿದು ಹೋದ.

"ರೀ, ತಣ್ಣಿ ಲಾರಿ ಬಂದಿದೆ, ನೀರಿಗೆ ಬಿಂದಿಗೆ ಹಿಡ್ಕೊಂಡು ಏಳಿ!"

"ಎರಡನೇ ಕಲಂ ಚರ್ಚೆ ನಡೀತಿದೆ ಕಣೆ, ಅಡ್ಡಿ ಮಾಡ್ಬೇಡ."

ವರದಿ ಸಿದ್ಧವಾದ ದಿನ ಮಳೆ ಹೊಯ್ದು ಅಂಗಳದಲ್ಲಿ ಮೊಣಕಾಲುದ್ದ ನೀರು!

ಇಂಥವರ ಮಗಳು ಅಂಬತ್ತೂರಿನ ಕಾರ್ಖಾನೆಯೊಂದರ ತಮಿಳು ಇಂಜಿನಿಯರನ್ನು ಮದುವೆಯಾಗುತ್ತೇನೆಂದಳು. ಅವನಿಗೆ ಪುಣೆಗೆ ವರ್ಗವಾಗಿತ್ತು, ಹೊರಡುವ ಮೊದಲೇ ಮದುವೆ ಆಗಬೇಕಿತ್ತು. ತಕ್ಷಣ ಜಂಟಿ ಸಮಿತಿ! ಕೆಳಗಿನಿಂದ ದೊಡ್ಡಮ್ಮ ಮತ್ತು ನಾನು, ಮೇಲಿನಿಂದ ಅತ್ತೆ. ಅಧ್ಯಕ್ಷರು ಯಾರೆಂದು ಬೇರೆ ಹೇಳಬೇಕೆ?

ಹುಡುಗನನ್ನು ಸಾಕ್ಷಿಯಾಗಿ ಕರೆಸಿ, ಅಡುಗೆ ಬರುತ್ತದೆಯೇ ಎಂದು ಅಧ್ಯಕ್ಷರು ವಿಚಾರಿಸಿದರು.

"ರಸಂ ನಲ್ಲಾ ವೈಪ್ಪೇನ್, ಸಾರ್."

ರಸಂ ಚೆನ್ನಾಗಿ ಮಾಡುತ್ತೇನೆ ಎಂದದ್ದೇ ತಡ, ದೊಡ್ಡಮ್ಮ ಅಲ್ಲೇ ಕರಗಿದರು. "ನೋಡ್ರೀ, ನಿಮಗೆ ಇಷ್ಟು ವರ್ಷಕ್ಕೂ ನೀರು ಕಾಯಿಸೋಕೆ ಬರ್ಲಿಲ್ಲ."

"ಈ ಮಾತನ್ನ ಕಡತದಿಂದ ತೆಗೀರಿ!"

"ನಮ್ಮೋರಲ್ಲಿ ಗಂಡುಗಳಿಗೆ ಬರಗಾಲವೇನೋ? ನನ್ನದು ಭಿನ್ನಮತ, ಬರ್ಕೋ," ಎಂದರು ಅತ್ತೆ, ಹುಡುಗ ತಂದ ಲಾಡು ಬಾಯಲ್ಲಿಟ್ಟುಕೊಂಡೇ.

ದೊಡ್ಡಪ್ಪ ವರದಿಗೆ ಕಾಲಾವಕಾಶ ಕೇಳಿದರು. ಮತ್ತೆ ಕೇಳಿದರು. ಮತ್ತೂ ಕೇಳಿದರು. ನನಗೆ ರೇಗಿತು. ದೇಶದ ಮಸೂದೆಗಳು ಕೊಳೆಯುವುದನ್ನು ನೋಡಿದ್ದು ಸಾಲದೆ ಮಗಳ ಬಾಳನ್ನೂ ಕೊಳೆಹಾಕಬೇಕೆ?

ಕೊನೆಗೆ ಅವಳೇ ಎದುರು ನಿಂತಳು. "ಪೋದುಂಪ್ಪಾ, ಸಾಕು. ಬೇಡ ಅಂದ್ರೆ ಬೇಡ ಅಂತ ಸೀಕ್ರಂ ಹೇಳಿಬಿಡಿ."

ದೊಡ್ಡಪ್ಪ ಕನ್ನಡಕ ತೆಗೆದರು. "ಬೇಡ ಅನ್ನೋಕೆ ನಾವ್ಯಾರಮ್ಮಾ? ಸಮಿತಿ ಶಿಫಾರಸು ಮಾಡಬಹುದು, ಅಷ್ಟೆ. ತೀರ್ಮಾನ ಸದನದ್ದು. ಇಲ್ಲಿ ಸದನ ಅಂದ್ರೆ ನೀನೇ. ಹುಡುಗ ಒಳ್ಳೆಯವನು ಅಂತ ನನಗೆ ಮೊದಲ ದಿನವೇ ಗೊತ್ತಾಯ್ತು."

"ಮತ್ತೆ ಯಾಕಪ್ಪಾ ಇಷ್ಟು ದಿನ ಎಳೆದ್ರಿ?"

"ನೀನು ಹೊರಟುಬಿಡ್ತೀಯಲ್ಲ. ಅದಕ್ಕೇ ಸ್ವಲ್ಪ ಕಾಲಾವಕಾಶ ಕೇಳ್ತಿದ್ದೆ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅತ್ತೆ ಮೂಗೊರೆಸಿಕೊಳ್ಳುತ್ತ ಭಿನ್ನಮತ ವಾಪಸು ತೆಗೆದುಕೊಂಡರು. ಮುಹೂರ್ತ ಇಡಲು ಯಾವ ಸಮಿತಿಯೂ ಕೂರಲಿಲ್ಲ. ದೊಡ್ಡಪ್ಪನೇ ಪಂಚಾಂಗ ತೆರೆದು, ಹುಡುಗ ಹೊರಡುವುದರೊಳಗೆ ಇದ್ದ ಮುಹೂರ್ತಗಳಲ್ಲಿ ಎಲ್ಲಕ್ಕಿಂತ ಕೊನೆಯದನ್ನು ಆರಿಸಿದರು.